ಹಳೇ ಲ್ಯಾಪ್‌ಟಾಪ್ ರಿಪೇರಿ: ಕೊಡಗಿನಲ್ಲಿ ಕೂತು ಕಸ್ಟಮರ್ ಕೇರ್ ಜೊತೆ ವ್ಯವಹರಿಸುವುದು ಹೇಗೆ

ಮಳೆಗಾಲ ಬಂತು ಅಂದರೆ ಕೊಡಗಿನಲ್ಲಿ ಲ್ಯಾಪ್‌ಟಾಪ್‌ಗಳು ಒಂದೊಂದಾಗಿ ಕೈಕೊಡಲು ಶುರು. ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ, ವಾಪಸ್ ಬರುವಾಗ ಜೋರಾಗಿ ಬಂದು ಚಾರ್ಜರ್ ಸುಡುತ್ತದೆ, ವಾರಗಟ್ಟಲೆ ಬಿಸಿಲು ಕಾಣದ ಮನೆಯಲ್ಲಿ ಬ್ಯಾಗಿನೊಳಗೆ ಇಟ್ಟ ಮೆಷಿನ್‌ಗೆ ಬೂಷ್ಟು ಹಿಡಿಯುತ್ತದೆ. ಹೊಸದಾದರೆ ವಾರಂಟಿ ಇರುತ್ತದೆ, ತಲೆನೋವು ಕಮ್ಮಿ. ಐದಾರು ವರ್ಷ ಹಳೆಯದಾದರೆ ಕಂಪನಿಗೆ ಅದರ ಮೇಲೆ ಆಸಕ್ತಿ ಇರಲ್ಲ, ನಮಗೆ ಅದನ್ನು ಬಿಡಲು ಮನಸ್ಸಿರಲ್ಲ.

ನಮ್ಮ ಕಷ್ಟ ದೂರದ್ದು. ಬಹಳಷ್ಟು ಬ್ರಾಂಡ್‌ಗಳ ಅಧಿಕೃತ ಸರ್ವಿಸ್ ಸೆಂಟರ್‌ಗೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ರೈಲಂತೂ ಇಲ್ಲ. ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಒಂದು ದಿನ ಪೂರ್ತಿ ಹೋಯಿತು. ಬೆಂಗಳೂರಿನವರು ಸಂಜೆ ಕೆಲಸ ಮುಗಿಸಿ ಹೋಗಿ ಕೌಂಟರ್‌ನಲ್ಲಿ ಕೇಳಿಕೊಂಡು ಬರಬಹುದು, ನಮಗೆ ಅದು ಆಗಲ್ಲ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ: ಲ್ಯಾಪ್‌ಟಾಪ್ ಕುಶಾಲನಗರದ ಕಾವೇರಿ ಸೇತುವೆ ದಾಟುವ ಮೊದಲು, ಏನು ಕೆಟ್ಟಿದೆ, ಎಷ್ಟಾಗುತ್ತದೆ, ಯಾವಾಗ ಸಿಗುತ್ತದೆ ಅನ್ನುವ ಮೂರೂ ಬರಹದಲ್ಲಿ ನಿಮ್ಮ ಕೈಯಲ್ಲಿರಲಿ. ಫೋನಿನಲ್ಲಿ ಆಡಿದ ಮಾತಿಗೆ ಆಮೇಲೆ ಯಾರೂ ಜವಾಬ್ದಾರರಲ್ಲ.

ಮೊದಲು ಮನೆಯಲ್ಲೇ ನೋಡಿ

ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಗಾಬರಿಯಾಗಿ ಫೋನ್ ಎತ್ತಬೇಡಿ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಕಳಚುವ ಹಾಗಿದ್ದರೆ ಅದನ್ನೂ ತೆಗೆಯಿರಿ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಬರೀ ಚಾರ್ಜರ್ ಹಾಕಿ ಆನ್ ಮಾಡಿ. ಒಳಗೆ ಉಳಿದ ಚಾರ್ಜ್ ಇಳಿದು ಎಷ್ಟೋ ಮೆಷಿನ್‌ಗಳು ಇಷ್ಟಕ್ಕೇ ಎದ್ದು ಬರುತ್ತವೆ.

ಆಮೇಲೆ ಚಾರ್ಜರ್. ಗುಡುಗು ಸಿಡಿಲಿನ ಮಾರನೇ ದಿನ ಸತ್ತ ಲ್ಯಾಪ್‌ಟಾಪ್‌ನಲ್ಲಿ ಮೊದಲ ಅನುಮಾನ ಚಾರ್ಜರ್ ಮೇಲೆಯೇ ಇರಲಿ. ಪಕ್ಕದ ಮನೆಯಲ್ಲಿ ಅದೇ ಕಂಪನಿಯದ್ದು ಇದ್ದರೆ ಚೀಟಿಯಲ್ಲಿ ವೋಲ್ಟ್ ಒಂದೇ ಇದೆಯಾ, ಆಂಪಿಯರ್ ನಿಮ್ಮದಕ್ಕಿಂತ ಕಮ್ಮಿ ಇಲ್ಲವಾ, ಪಿನ್ ಸರಿಯಾಗಿ ಕೂರುತ್ತದಾ ನೋಡಿ, ಹಾಕಿ ಪರೀಕ್ಷಿಸಿ. ಫ್ಯಾನ್ ಸದ್ದು ಕೇಳುತ್ತಿದ್ದು ಪರದೆ ಮಾತ್ರ ಕಪ್ಪಗಿದ್ದರೆ ಎಚ್‌ಡಿಎಂಐ ವೈರ್‌ನಲ್ಲಿ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಬಂದರೆ ಮದರ್‌ಬೋರ್ಡ್, ಅಂದರೆ ಒಳಗಿನ ಮುಖ್ಯ ಬೋರ್ಡ್, ಹೆಚ್ಚುಕಮ್ಮಿ ಚೆನ್ನಾಗಿದೆ, ಕೆಟ್ಟಿರುವುದು ಡಿಸ್‌ಪ್ಲೇ ಅಥವಾ ಅದರ ಕೇಬಲ್ ಅಂತ ಲೆಕ್ಕ. ಈ ಒಂದು ವಿಷಯ ಗೊತ್ತಿದ್ದರೆ ಮುಂದೆ ಯಾರೂ ನಿಮಗೆ ಸುಮ್ನೆ ಮದರ್‌ಬೋರ್ಡ್ ತಗುಲಿಹಾಕಲು ಆಗಲ್ಲ.

ಒದ್ದೆಯಾಗಿದ್ದರೆ ಆನ್ ಮಾಡಲೇಬೇಡಿ. ಒಲೆ ಪಕ್ಕ ಇಟ್ಟು ಒಣಗಿಸಬೇಡಿ, ಅಕ್ಕಿ ಡಬ್ಬದಲ್ಲೂ ಹೂಳಬೇಡಿ. ನೀರಿಗಿಂತ ಜಾಸ್ತಿ ಹಾಳು ಮಾಡುವುದು ಒದ್ದೆ ಬೋರ್ಡ್ ಮೇಲೆ ಕರೆಂಟು ಹರಿಯುವುದು. ಆದಷ್ಟು ಬೇಗ ಬಿಚ್ಚಿ ಸ್ವಚ್ಛ ಮಾಡಿಸಬೇಕು.

ಟಚ್‌ಪ್ಯಾಡ್ ಮೇಲೆದ್ದಿದೆಯಾ, ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲವಾ, ಇಟ್ಟ ಕಡೆ ಅಲ್ಲಾಡುತ್ತದಾ? ಹಾಗಿದ್ದರೆ ಬ್ಯಾಟರಿ ಊದಿದೆ. ಅವತ್ತಿನಿಂದಲೇ ಚಾರ್ಜ್ ನಿಲ್ಲಿಸಿ. ಒತ್ತುವುದು, ಚುಚ್ಚುವುದು ಬೇಡ. ಬೆಂಕಿ ಹೊತ್ತಿಕೊಳ್ಳುವ ವಸ್ತು ಅದು. ಊದಿದ ಬ್ಯಾಟರಿ ಇರುವ ಲ್ಯಾಪ್‌ಟಾಪ್ ಕೊರಿಯರ್‌ಗೋ ಬಸ್ ಪಾರ್ಸೆಲ್‌ಗೋ ಹಾಕುವ ಹಾಗಿಲ್ಲ, ಹತ್ತಿರದ ಅಂಗಡಿಯಲ್ಲಿ ಬ್ಯಾಟರಿ ತೆಗೆಸಿಯೇ ಮುಂದಿನ ಮಾತು.

ಏನೇ ದೋಷ ಕಂಡರೂ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಬಿಟ್ಟು ಬಿಟ್ಟು ಬರುವ ದೋಷಕ್ಕಂತೂ ಇದು ಬೇಕೇ ಬೇಕು. ಸರ್ವಿಸ್ ಸೆಂಟರ್‌ಗೆ ಹೋದ ಕೂಡಲೇ ಅದು ಸರಿಯಾಗಿ ಕೆಲಸ ಮಾಡುತ್ತದೆ, ಅವರು 'ಪ್ರಾಬ್ಲಂ ಇಲ್ಲ' ಅಂತ ಬರೆದು ಪರೀಕ್ಷೆಯ ದುಡ್ಡು ತಗೊಂಡು ವಾಪಸ್ ಕೊಡುತ್ತಾರೆ.

ಕಾಗದ ಪತ್ರ, ಸೀರಿಯಲ್ ನಂಬರ್

ಲ್ಯಾಪ್‌ಟಾಪ್ ತಿರುಗಿಸಿ ಕೆಳಗಿನ ಚೀಟಿಯ ಫೋಟೋ ತೆಗೆಯಿರಿ. ಸೀರಿಯಲ್ ನಂಬರ್ ಅಲ್ಲಿರುತ್ತದೆ, ಡೆಲ್‌ನವರು ಅದನ್ನು ಸರ್ವಿಸ್ ಟ್ಯಾಗ್ ಅನ್ನುತ್ತಾರೆ. ಹಳೇ ಚೀಟಿ ಸವೆದು ಹೋಗಿದ್ದರೆ, ಮೆಷಿನ್ ಆನ್ ಆಗುವುದಾದರೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ನೋಡಬಹುದು. ಖರೀದಿ ಬಿಲ್ ಹುಡುಕಿ. ಆನ್‌ಲೈನ್‌ನಲ್ಲಿ ತಗೊಂಡಿದ್ದರೆ ಆರ್ಡರ್ ಪುಟದಲ್ಲಿ ಇನ್ವಾಯ್ಸ್ ಇನ್ನೂ ಇರುತ್ತದೆ, ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ವಾರಂಟಿ ಮುಗಿದಿದೆ ಅಂತ ನೀವೇ ತೀರ್ಮಾನ ಮಾಡಬೇಡಿ. ಕಂಪನಿಯ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ಕೆಲವೊಮ್ಮೆ ವಾರಂಟಿಯನ್ನು ನೀವು ಕೊಂಡ ದಿನದಿಂದ ಎಣಿಸದೆ ಕಾರ್ಖಾನೆಯಿಂದ ಹೊರಟ ದಿನದಿಂದ ಎಣಿಸಿರುತ್ತಾರೆ. ಬಿಲ್ ಕಳಿಸಿದರೆ ಸರಿಪಡಿಸುತ್ತಾರೆ. ಇನ್ನೊಂದು, ತಯಾರಿಕೆಯಲ್ಲೇ ದೋಷ ಇದ್ದ ಮಾಡೆಲ್‌ಗಳಿಗೆ ವಾರಂಟಿ ಮುಗಿದ ಮೇಲೂ ಕಂಪನಿಗಳು ಉಚಿತ ರಿಪೇರಿ ಕೊಟ್ಟದ್ದುಂಟು. ಆಪಲ್ 2018ರಲ್ಲಿ ತನ್ನ ಬಟರ್‌ಫ್ಲೈ ಕೀಬೋರ್ಡ್‌ಗೆ ಮೊದಲು ಮಾರಾಟವಾದ ದಿನದಿಂದ 4 ವರ್ಷದವರೆಗೆ ಇಂಥ ಸೌಲಭ್ಯ ಕೊಟ್ಟಿತ್ತು. 2019ರಲ್ಲಿ 15 ಇಂಚಿನ ಹಳೇ ಮ್ಯಾಕ್‌ಬುಕ್ ಪ್ರೊ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡಿತು. ನಿಮ್ಮ ಮಾಡೆಲ್ ಹೆಸರಿನ ಜೊತೆ 'ರೀಕಾಲ್' ಅಂತ ಕಂಪನಿಯ ವೆಬ್‌ಸೈಟ್‌ನಲ್ಲೇ ಹುಡುಕಿ. ಐದು ನಿಮಿಷದ ಕೆಲಸ.

ಡೇಟಾ ನಿಮ್ಮ ಜವಾಬ್ದಾರಿ

ರಿಪೇರಿಗೆ ಕೊಟ್ಟ ಮೆಷಿನ್‌ನಲ್ಲಿ ಫೈಲ್ ಹೋದರೆ ಕಂಪನಿ ಹೊಣೆ ಅಲ್ಲ ಅಂತ ಹೆಚ್ಚುಕಮ್ಮಿ ಎಲ್ಲಾ ಜಾಬ್ ಶೀಟ್‌ನಲ್ಲೂ (ಮೆಷಿನ್ ಕೊಡುವಾಗ ಸಹಿ ಹಾಕುವ ಕಾಗದ) ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ತೋಟದ ಲೆಕ್ಕ, ಮಕ್ಕಳ ಪ್ರಾಜೆಕ್ಟ್, ಹೋಂಸ್ಟೇ ಬುಕಿಂಗ್ ಪಟ್ಟಿ, ಹಳೇ ಫೋಟೋ, ಎಲ್ಲವನ್ನೂ ಮೊದಲೇ ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ಮೆಷಿನ್ ಆನ್ ಆಗದಿದ್ದರೆ, ಎಸ್‌ಎಸ್‌ಡಿ (ಫೈಲ್‌ಗಳೆಲ್ಲ ಇರುವ ಡಿಸ್ಕ್) ಬೇರೆ ಆಗುವ ಮಾಡೆಲ್ ಆಗಿದ್ದರೆ, ಹತ್ತಿರದ ಅಂಗಡಿಯಲ್ಲಿ ಅದನ್ನು ತೆಗೆಸಿ ಎನ್‌ಕ್ಲೋಶರ್‌ಗೆ (ಯುಎಸ್‌ಬಿಗೆ ಜೋಡಿಸುವ ಡಬ್ಬಿ) ಹಾಕಿ ಕಾಪಿ ಮಾಡಿಸಬಹುದು.

ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಮದರ್‌ಬೋರ್ಡ್ ಬದಲಾದ ಮೇಲೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಸಿಗದಿದ್ದರೆ ಡಿಸ್ಕ್‌ನಲ್ಲಿ ಎಲ್ಲಾ ಇದ್ದೂ ಇಲ್ಲದ ಹಾಗೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಅದು ಆನ್ ಆಗಿರುತ್ತದೆ. ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಿಂದ ಲಾಗಿನ್ ಆಗಿ ಕೀ ಇದೆಯಾ ನೋಡಿ ಬರೆದಿಟ್ಟುಕೊಳ್ಳಿ. ರಿಪೇರಿಯವರಿಗೆ ನಿಮ್ಮ ಮುಖ್ಯ ಪಾಸ್‌ವರ್ಡ್ ಕೊಡಬೇಡಿ. ಪರೀಕ್ಷೆಗೆ ಅಂತ ಬೇರೊಂದು ಖಾಲಿ ಖಾತೆ ಮಾಡಿಕೊಟ್ಟರೆ ಸಾಕು.

ಫೋನ್ ಮಾಡುವಾಗ

ಮೊದಲ ಎಚ್ಚರಿಕೆ ನಂಬರ್ ಬಗ್ಗೆ. ಗೂಗಲ್‌ನಲ್ಲಿ ಕಂಪನಿ ಹೆಸರಿನ ಜೊತೆ ಕಸ್ಟಮರ್ ಕೇರ್ ಅಂತ ಹುಡುಕಿ ಸಿಕ್ಕಿದ ನಂಬರ್‌ಗೆ ಡಯಲ್ ಮಾಡಬೇಡಿ. ನಕಲಿ ನಂಬರ್ ಹಾಕಿ ಕಾದು ಕೂತವರಿದ್ದಾರೆ. ಅವರು ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ, ಮೊಬೈಲಿನ ಪರದೆ ಕಾಣುವ ಆ್ಯಪ್ ಹಾಕಿಸುತ್ತಾರೆ, 'ಹತ್ತು ರೂಪಾಯಿ ರಿಜಿಸ್ಟ್ರೇಷನ್ ಕಟ್ಟಿ' ಅನ್ನುತ್ತಾರೆ, ಖಾತೆ ಖಾಲಿಯಾಗುತ್ತದೆ. ನಂಬರ್ ಕಂಪನಿಯ ವೆಬ್‌ಸೈಟ್‌ನಿಂದ ಅಥವಾ ವಾರಂಟಿ ಪುಸ್ತಕದಿಂದ ಮಾತ್ರ ತಗೊಳ್ಳಿ. ಮೋಸ ಆಗಿಯೇ ಬಿಟ್ಟರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೋಟದ ಮನೆಯಲ್ಲಿ ನೆಟ್‌ವರ್ಕ್ ಕೈಕೊಡುವುದು ಗೊತ್ತೇ ಇದೆಯಲ್ಲ. ಅರ್ಧ ಗಂಟೆ ಕಾದು ಕೊನೆಗೆ ಸಿಕ್ಕಿದ ಮನುಷ್ಯನ ಜೊತೆ ಮಾತಾಡುವಾಗ ಲೈನ್ ಕಟ್ ಆದರೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ ಕಂಪನಿಗೆ ಚಾಟ್, ವಾಟ್ಸ್‌ಆ್ಯಪ್, ಇಮೇಲ್ ಇದ್ದರೆ ನನ್ನ ಆಯ್ಕೆ ಯಾವಾಗಲೂ ಅದೇ. ಬರೆದದ್ದು ಉಳಿಯುತ್ತದೆ. ಫೋನೇ ಗತಿ ಅನ್ನುವುದಾದರೆ ಸಿಗ್ನಲ್ ಗಟ್ಟಿ ಇರುವ ಕಡೆ ಕೂತು, ಸೀರಿಯಲ್ ನಂಬರ್, ಬಿಲ್, ಪೆನ್ನು ಕೈಯಲ್ಲಿ ಇಟ್ಟುಕೊಂಡು ಮಾಡಿ. ಕನ್ನಡದ ಆಯ್ಕೆ ಇದ್ದರೆ ಅದನ್ನೇ ಒತ್ತಿ. ದೋಷ ವಿವರಿಸುವಾಗ ನಮ್ಮ ಭಾಷೆಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಬೇರೆ ಯಾವುದರಲ್ಲೂ ಬರಲ್ಲ.

ಮಾತು ಹೀಗೆ ಶುರು ಮಾಡಿ: 'ನಮಸ್ಕಾರ. ಸೀರಿಯಲ್ ನಂಬರ್ ಬರ್ಕೊಳ್ಳಿ. ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ, ಚಾರ್ಜಿಂಗ್ ಲೈಟ್ ಮೂರು ಸಲ ಮಿಣುಕಿ ನಿಲ್ಲುತ್ತೆ. ಬೇರೆ ಚಾರ್ಜರ್ ಹಾಕಿ ನೋಡಿದ್ದೀನಿ. ವಾರಂಟಿ ಮುಗಿದಿದೆ, ದುಡ್ಡು ಕೊಟ್ಟು ರಿಪೇರಿ ಮಾಡಿಸ್ಬೇಕು. ಪಿನ್‌ಕೋಡ್ 571201.' ಇಷ್ಟು ಹೇಳಿದರೆ ಅವರ ಅರ್ಧ ಪ್ರಶ್ನೆಗಳು ಮುಗಿಯುತ್ತವೆ. ಪಿನ್‌ಕೋಡ್ ಮೊದಲೇ ಹೇಳುವುದು ಯಾಕೆ ಅಂದರೆ, ಎಂಜಿನಿಯರ್ ಮನೆಗೆ ಬರುತ್ತಾರಾ ಇಲ್ಲವಾ ಅನ್ನುವುದು ಅದರ ಮೇಲೆ ನಿಂತಿದೆ. ಮಡಿಕೇರಿಯ 571201ಕ್ಕೆ ಬರುವವರು ಸೋಮವಾರಪೇಟೆಯ 571236ಕ್ಕೆ ಬರಲ್ಲ ಅನ್ನಬಹುದು. ಬರಲ್ಲ ಅಂದರೆ, ಮೆಷಿನ್ ಕಂಪನಿಯ ಖರ್ಚಿನಲ್ಲಿ ಕೊರಿಯರ್ ಮೂಲಕ ತರಿಸಿಕೊಳ್ಳುವ ವ್ಯವಸ್ಥೆ ಇದೆಯಾ ಕೇಳಿ.

ಆಮೇಲೆ ಇವನ್ನು ಕೇಳದೆ ಫೋನ್ ಇಡಬೇಡಿ. ಕೇಸ್ ನಂಬರ್ ಏನು. ಪರೀಕ್ಷೆ ಮಾಡಲು ಎಷ್ಟು, ರಿಪೇರಿ ಮಾಡಿಸಿದರೆ ಆ ದುಡ್ಡು ಬಿಲ್‌ನಲ್ಲಿ ಕಳೆಯುತ್ತಾರಾ. ಈ ಮಾಡೆಲ್‌ಗೆ ಬಿಡಿಭಾಗ ಸಿಗುತ್ತದಾ, ಸ್ಟಾಕ್ ಇದೆಯಾ ಅಥವಾ ಆರ್ಡರ್ ಹಾಕಬೇಕಾ. ಹೇಳುವ ಬೆಲೆ ಜಿಎಸ್‌ಟಿ ಸೇರಿಸಿಯಾ ಬಿಟ್ಟಾ. ಹೊಸದಾಗಿ ಹಾಕಿದ ಭಾಗಕ್ಕೆ ವಾರಂಟಿ ಎಷ್ಟು ದಿನ. ಹಳೇ ಭಾಗ ವಾಪಸ್ ಕೊಡುತ್ತಾರಾ. ಬಿಡಿಭಾಗದ ಪ್ರಶ್ನೆ ತುಂಬಾ ಮುಖ್ಯ. ಮಾರಾಟ ನಿಂತು 5 ವರ್ಷ ಆದರೆ ಆಪಲ್ ಆ ಮಾಡೆಲನ್ನು ವಿಂಟೇಜ್ ಪಟ್ಟಿಗೆ, 7 ವರ್ಷ ಆದರೆ ಪೂರ್ತಿ ಹಳತಾದ ಪಟ್ಟಿಗೆ ಸೇರಿಸುತ್ತದೆ. ಬೇರೆ ಕಂಪನಿಗಳಲ್ಲೂ ಹಳೇ ಮಾಡೆಲ್‌ಗಳ ಭಾಗ ಬರುಬರುತ್ತಾ ಸಿಗುವುದಿಲ್ಲ. ಭಾಗವೇ ಇಲ್ಲದ ಮೆಷಿನ್ ಹೊತ್ತುಕೊಂಡು ಮೈಸೂರಿಗೆ ಹೋಗುವುದರಲ್ಲಿ ಅರ್ಥ ಇಲ್ಲ.

ಫೋನ್ ಇಟ್ಟ ಕೂಡಲೇ ಅವರ ಇಮೇಲ್‌ಗೆ ನಾಲ್ಕು ಸಾಲು ಬರೆಯಿರಿ: ಇಂಥ ದಿನ ಇಷ್ಟು ಹೊತ್ತಿಗೆ ಮಾತಾಡಿದೆ, ನೀವು ಹೇಳಿದ್ದು ಇದು, ತಪ್ಪಿದ್ದರೆ ತಿಳಿಸಿ. ಅವರು ಉತ್ತರ ಕೊಡದಿದ್ದರೂ ಪರವಾಗಿಲ್ಲ, ದಾಖಲೆ ಆಯಿತು. ಮತ್ತೆ, ಫೋನಿನ ಆ ಕಡೆ ಇರುವ ಹುಡುಗಿಯೋ ಹುಡುಗನೋ ನಿಮ್ಮ ಲ್ಯಾಪ್‌ಟಾಪ್ ಕೆಡಿಸಿದವರಲ್ಲ. ಅವರ ಮೇಲೆ ರೇಗಿದರೆ ಕೆಲಸ ಆಗಲ್ಲ. 'ನಿಮ್ಮ ಕೈಯಲ್ಲಿ ಆಗಲ್ಲ ಅಂದ್ರೆ ಸೂಪರ್‌ವೈಸರ್‌ಗೆ ಕೊಡಿ, ನಾನು ಕಾಯ್ತೀನಿ' ಅಂತ ತಣ್ಣಗೆ ಹೇಳಿ, ನಿಜವಾಗಿ ಕಾಯಿರಿ.

ಎಸ್ಟಿಮೇಟ್ ಬಂದ ಮೇಲೆ

ಗೋಣಿಕೊಪ್ಪದ ಕಡೆ ಹೋಂಸ್ಟೇ ನಡೆಸುವ ಪರಿಚಯದ ಅಕ್ಕ ಒಬ್ಬರಿಗೆ ಸರ್ವಿಸ್ ಸೆಂಟರ್‌ನಿಂದ ಫೋನ್ ಬಂತು. 'ಮೇಡಂ, ಬೋರ್ಡ್ ಹೋಗಿದೆ, ಇಪ್ಪತ್ನಾಲ್ಕು ಸಾವಿರ ಆಗುತ್ತೆ, ಅಪ್ರೂವ್ ಮಾಡ್ತೀರಾ?' ಜಿಎಸ್‌ಟಿ 18 ಪರ್ಸೆಂಟ್ ಸೇರಿದರೆ ಅದು 28,320. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. 'ಯಾವ ಟೆಸ್ಟ್ ಮಾಡಿ ಬೋರ್ಡ್ ಹೋಗಿದೆ ಅಂತ ಗೊತ್ತಾಯ್ತು, ಅದನ್ನ ಬರೆದು ಕಳಿಸಿ, ನೋಡಿ ಹೇಳ್ತೀನಿ' ಅಂದರು. ಬರಹ ಕೇಳಿದ ಮೇಲೆ ಅವರು ಇನ್ನೊಮ್ಮೆ ಬಿಚ್ಚಿ ನೋಡಿದ್ದಾರೆ. ಕೆಟ್ಟಿದ್ದು ಚಾರ್ಜಿಂಗ್ ಜಾಕ್. ಎಲ್ಲರೂ ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಅಧಿಕೃತ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಇಡೀ ಬೋರ್ಡ್ ಬದಲಿಸುತ್ತಾರೆಯೇ ಹೊರತು ಅದರಲ್ಲಿ ಕೆಟ್ಟ ಒಂದು ಚಿಪ್ ಹುಡುಕಿ ಸರಿ ಮಾಡಲ್ಲ, ಅವರ ಪದ್ಧತಿಯೇ ಹಾಗೆ. ಚಿಪ್ ಲೆವೆಲ್ ರಿಪೇರಿ ಮಾಡುವ ಖಾಸಗಿ ಅಂಗಡಿಯವರಿಂದ ಎರಡನೇ ಅಭಿಪ್ರಾಯ ತಗೊಳ್ಳದೆ ಬೋರ್ಡ್‌ಗೆ ಒಪ್ಪಬೇಡಿ.

ದುಡ್ಡು ಹಾಕಬೇಕಾ ಬೇಡವಾ ಅನ್ನುವುದಕ್ಕೆ ನನ್ನ ಲೆಕ್ಕ ಇದು. ಬ್ಯಾಟರಿ, ಕೀಬೋರ್ಡ್, ಹಿಂಜ್, ಫ್ಯಾನ್ ಆದರೆ ಕಣ್ಣು ಮುಚ್ಚಿ ಮಾಡಿಸಿ, ಊರಿನ ಒಳ್ಳೇ ಅಂಗಡಿಯಲ್ಲೇ ಆಗುತ್ತದೆ. ಡಿಸ್‌ಪ್ಲೇ ಆದರೆ ಯೋಚನೆ ಮಾಡಿ. ಬೋರ್ಡ್ ಆದರೆ ಮೊದಲು ಪ್ರೊಸೆಸರ್ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಹೆಚ್ಚಾಗಿ 8ನೇ ಪೀಳಿಗೆ ಅಥವಾ ಆಮೇಲಿನದ್ದು ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಅದಕ್ಕಿಂತ ಹಳೇ ಮೆಷಿನ್‌ಗೆ ಬೋರ್ಡ್ ಹಾಕಿಸಿ ಇಪ್ಪತ್ತು ಮೂವತ್ತು ಸಾವಿರ ಸುರಿಯುವುದು ಬೇಡ ಅಂತಲೇ ಹೇಳುತ್ತೇನೆ. ಚಿಕ್ಕ ರಿಪೇರಿ ಮಾಡಿಸಿ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ ಬ್ರೌಸರ್, ಲೆಕ್ಕಪತ್ರ, ಮಕ್ಕಳ ಓದಿಗೆ ಇನ್ನೂ ಕೆಲವು ವರ್ಷ ಧಾರಾಳವಾಗಿ ಬರುತ್ತದೆ.

ಕೊಡುವಾಗ ಜಾಬ್ ಶೀಟ್

ಇಡೀ ವ್ಯವಹಾರದಲ್ಲಿ ಅತಿ ಮುಖ್ಯವಾದ ಕಾಗದ ಇದು. ಕೌಂಟರ್‌ನಲ್ಲಿ ಗಡಿಬಿಡಿಯಿಂದ ತುಂಬಿ ಸಹಿ ಹಾಕಿ ಅನ್ನುತ್ತಾರೆ, ಬಸ್ಸಿಗೆ ಹೊತ್ತಾಗಿದ್ದರೂ ಓದದೆ ಹಾಕಬೇಡಿ. ದೋಷದ ಕಾಲಂನಲ್ಲಿ ಬರೀ 'ನಾಟ್ ವರ್ಕಿಂಗ್' ಅಂತ ಬರೆದಿದ್ದರೆ ಒಪ್ಪಬೇಡಿ. 'ಚಾರ್ಜ್ ಆಗುವುದಿಲ್ಲ, ಡಿಸ್‌ಪ್ಲೇ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ' ಅಂತ ಬರೆಸಿ. ಚೆನ್ನಾಗಿರುವುದನ್ನು ಬರೆಸುವುದು ಕೆಟ್ಟದ್ದನ್ನು ಬರೆಸುವಷ್ಟೇ ಅಗತ್ಯ, ಇಲ್ಲದಿದ್ದರೆ ಪರದೆ ಒಡೆದು ವಾಪಸ್ ಬಂದಾಗ ಮೊದಲೇ ಹಾಗಿತ್ತು ಅನ್ನುತ್ತಾರೆ. ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು, ಚಾರ್ಜರ್ ಕೊಟ್ಟಿದ್ದೀರಾ ಅನ್ನುವುದೂ ಇರಲಿ. ಕೊನೆಯಲ್ಲಿ ಒಂದು ಸಾಲು ನಿಮ್ಮ ಕೈಯಿಂದಲೇ ಸೇರಿಸಿ: 'ಎಸ್ಟಿಮೇಟ್‌ಗೆ ನಾನು ಬರಹದಲ್ಲಿ ಒಪ್ಪಿಗೆ ಕೊಡದೆ ಯಾವ ಭಾಗವನ್ನೂ ಬದಲಿಸಬಾರದು.' ಎಲ್ಲಾ ಮುಗಿದ ಮೇಲೆ ಶೀಟಿನ ಫೋಟೋ, ಲ್ಯಾಪ್‌ಟಾಪ್‌ನ ಆರೂ ಬದಿಯ ಫೋಟೋ ತೆಗೆದುಕೊಂಡು ಬನ್ನಿ.

ಕೊರಿಯರ್‌ನಲ್ಲಿ ಕಳಿಸುವವರು ಬಬಲ್ ಶೀಟ್ ಸುತ್ತುವ ಮೊದಲು ದಪ್ಪ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಟೇಪ್ ಮಾಡಿ. ಆಷಾಢದ ಮಳೆಯಲ್ಲಿ ರಟ್ಟಿನ ಡಬ್ಬ ನೆನೆಯದೆ ಹೋಗುವುದು ಕಷ್ಟ.

ಎಳೆದಾಡಿದರೆ

ಹೇಳಿದ ದಿನ ದಾಟಿದ ಕೂಡಲೇ ಶುರು ಮಾಡಿ, ತಿಂಗಳುಗಟ್ಟಲೆ ಕಾಯಬೇಡಿ. ಪ್ರತಿ ಸಲ ಹಳೇ ಇಮೇಲ್‌ಗೇ ಉತ್ತರ ಬರೆಯಿರಿ, ಹೊಸದು ಶುರು ಮಾಡಬೇಡಿ. ಎಲ್ಲಾ ಒಂದೇ ಕಡೆ ಸಾಲಾಗಿ ಇರುತ್ತದೆ. ಬರೆಯುವುದು ಹೀಗಿದ್ದರೆ ಸಾಕು:

'ಕೇಸ್ ನಂಬರ್ ಇಂಥದ್ದು. ಇಂಥ ದಿನ ಲ್ಯಾಪ್‌ಟಾಪ್ ಕೊಟ್ಟಿದ್ದೇನೆ, ಜಾಬ್ ಶೀಟ್ ಜೊತೆಗಿದೆ. ಇಂಥ ದಿನ ವಾಪಸ್ ಕೊಡುತ್ತೇವೆ ಅಂದಿದ್ದಿರಿ, ಕೊಟ್ಟಿಲ್ಲ. ಬಿಡಿಭಾಗ ಬಂದಿದೆಯೇ, ಇಲ್ಲವಾದರೆ ಯಾವತ್ತು ಬರುತ್ತದೆ ಎಂದು 7 ದಿನದೊಳಗೆ ಬರಹದಲ್ಲಿ ತಿಳಿಸಿ. ಭಾಗ ಸಿಗುವುದಿಲ್ಲವಾದರೆ ಮುಂಗಡ ಹಣವನ್ನೂ ಲ್ಯಾಪ್‌ಟಾಪನ್ನೂ ಕೊಟ್ಟ ಸ್ಥಿತಿಯಲ್ಲೇ ಹಿಂತಿರುಗಿಸಿ. ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ.'

ಬೈಗುಳ ಇಲ್ಲ, ಅಳಲು ಇಲ್ಲ, ದಿನಾಂಕ ಮತ್ತು ಬೇಡಿಕೆ ಮಾತ್ರ. ಇದನ್ನು ಕಂಪನಿಯ ಗ್ರಾಹಕ ಕುಂದುಕೊರತೆ ವಿಭಾಗದ ಇಮೇಲ್‌ಗೂ ಪ್ರತಿ ಹಾಕಿ.

ಆಗಲೂ ಸುಮ್ಮನಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಉಚಿತ ಕರೆ, ಕನ್ನಡದಲ್ಲೂ ಮಾತಾಡಬಹುದು. ಅವರು ದೂರು ದಾಖಲಿಸಿಕೊಂಡು ಕಂಪನಿಗೆ ಕಳಿಸುತ್ತಾರೆ. ಆದೇಶ ಕೊಡುವ ಅಧಿಕಾರ ಅವರಿಗಿಲ್ಲ, ಆದರೆ ದೊಡ್ಡ ಕಂಪನಿಗಳು ಇಲ್ಲಿಂದ ಬಂದ ದೂರಿಗೆ ಬೇಗ ಮೈಕೊಡವಿ ಏಳುತ್ತವೆ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ನಮ್ಮದು ಮಡಿಕೇರಿಯಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನಮ್ಮಂಥ ಊರಿನವರಿಗೆ ದೊಡ್ಡ ಅನುಕೂಲ ಆಗಿದೆ. ಕಂಪನಿ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಮೂಲಕವೂ ಸಲ್ಲಿಸಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಕೊಡಬೇಕು, ಅಷ್ಟು ನೆನಪಿರಲಿ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಅಂತ ಕಂಪನಿ ವಾದಿಸಬಹುದು. ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲು ಬಳಸುವುದನ್ನು ಕಾಯ್ದೆ ಅದರಿಂದ ಹೊರಗಿಟ್ಟಿದೆ, ಹಾಗಾಗಿ ಚಿಕ್ಕ ಹೋಂಸ್ಟೇ ನಡೆಸುವವರು ಹಿಂಜರಿಯುವುದು ಬೇಡ. ರಿಪೇರಿಗೆ ಬಿಲ್ ಕೊಡದಿರುವುದನ್ನೂ ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಈ ಮಾತು ಊರಿನ ಅಂಗಡಿಗೂ ಅನ್ವಯಿಸುತ್ತದೆ.

ವಾಪಸ್ ತಗೊಳ್ಳುವಾಗ

ಕೇಸ್ ಮುಚ್ಚಲು ನಿಮ್ಮ ಮೊಬೈಲಿಗೆ ಒಂದು ಒಟಿಪಿ ಕಳಿಸುತ್ತಾರೆ. 'ಒಟಿಪಿ ಹೇಳಿ ಸರ್, ಆಮೇಲೆ ಚೆಕ್ ಮಾಡ್ಕೊಳ್ಳಿ' ಅನ್ನುತ್ತಾರೆ. ಮೊದಲು ಚೆಕ್, ಆಮೇಲೆ ಒಟಿಪಿ. ಚಾರ್ಜರ್ ಇಲ್ಲದೆ ಒಮ್ಮೆ ಆನ್ ಮಾಡಿ, ಹಾಕಿ ಒಮ್ಮೆ ಮಾಡಿ. ಪ್ರತಿ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ. ವೈಫೈ, ಕ್ಯಾಮೆರಾ, ಸ್ಪೀಕರ್, ಎಲ್ಲಾ ಕೀಗಳು. ರ‍್ಯಾಮ್, ಎಸ್‌ಎಸ್‌ಡಿ ಜಾಬ್ ಶೀಟ್‌ನಲ್ಲಿ ಇದ್ದಷ್ಟೇ ಇದೆಯಾ. ಬೋರ್ಡ್ ಬದಲಾಗಿದ್ದರೆ ಬಯಾಸ್‌ನಲ್ಲಿ ತೋರಿಸುವ ಸೀರಿಯಲ್ ನಂಬರ್ ಕೆಳಗಿನ ಚೀಟಿಯದ್ದೇನಾ, ವಿಂಡೋಸ್ ಆ್ಯಕ್ಟಿವೇಟ್ ಆಗಿದೆಯಾ. ಬದಲಿಸಿದ ಭಾಗದ ಹೆಸರು ಮತ್ತು ವಾರಂಟಿ ದಿನಗಳು ಬಿಲ್‌ನಲ್ಲೇ ಬರೆದಿರಬೇಕು.

ಮನೆಗೆ ತಂದ ಮೇಲೆ ಮೆಷಿನ್ ಬ್ಯಾಗಿಗೆ ಹಾಕಿ ಇಡಬೇಡಿ. ಹಾಕಿದ ಭಾಗಕ್ಕೆ ಕೆಲವರು 30 ದಿನ, ಕೆಲವರು 90 ದಿನ ವಾರಂಟಿ ಕೊಡುತ್ತಾರೆ, ಆ ದಿನಗಳಲ್ಲಿ ದಿನಾ ಬಳಸಿ, ಗಂಟೆಗಟ್ಟಲೆ ಓಡಿಸಿ, ಬಿಸಿಯಾಗಲು ಬಿಡಿ. ಅದೇ ದೋಷ ಮತ್ತೆ ಬಂದರೆ ಅವತ್ತೇ ವಿಡಿಯೋ ಮಾಡಿ ಹಳೇ ಕೇಸ್ ನಂಬರ್‌ಗೇ ಇಮೇಲ್ ಹಾಕಿ. ಹೊಸ ಕೇಸ್ ತೆರೆದರೆ ಪರೀಕ್ಷೆಯ ದುಡ್ಡು ಮತ್ತೆ ಕೇಳುತ್ತಾರೆ.